ಅದರಂಥದ್ದು

ಮುಗಿದದ್ದು ನಸುಕಿನ ಮೂರೂ ನಲವತ್ತಕ್ಕೆ.
ತೆರೆಯ ಮೇಲೆ ಹೆಸರುಗಳು ಏರತೊಡಗಿದವು,
ಬಣ್ಣ ಬಳಿದವರು, ಮಳೆಯ ಸದ್ದು ಮಾಡಿದವರು,
ಕೊನೆಗೆ ಯಾರದೋ ಬೆಕ್ಕಿಗೂ ಒಂದು ಕೃತಜ್ಞತೆ.
ಕಂಬಳಿ ಹೊದ್ದು ಕೂತೇ ಇದ್ದೆ,
ಹೆಣ ಎತ್ತಿದ ಮೇಲೂ ಏಳದ ನೆರೆಮನೆಯವಳ ಹಾಗೆ.
ಹೊರಗೆ ಆಗಲೇ ಬೆಳಕು, ಕಡಲಹಕ್ಕಿಗಳ ಜಗಳ.
ಡಂಡೀಯ ಜೂನ್ ತಿಂಗಳಲ್ಲಿ
ಪತ್ತೇದಾರನಿಗೆ ಬೇಕಾದಷ್ಟು ಕತ್ತಲು ಸಿಗುವುದಿಲ್ಲ;
ಕಿಟಕಿಗೆ ಕಸದ ಚೀಲ ಅಂಟಿಸಿ ಮಾಡಿಕೊಳ್ಳಬೇಕು.

ಹಗಲು ನನ್ನದು ಹಲ್ಲಿನ ಕೆಲಸ.
ಅಚ್ಚಿಗೆ ಮೇಣ ಸುರಿದು, ತೇದು, ಹೊಳಪು ಕೊಟ್ಟು
ಎಂದೂ ನೋಡದ ಮುಖಕ್ಕೆ ನಗು ಕಳಿಸುತ್ತೇನೆ.
ಇದ್ದದ್ದರಂಥದ್ದೇ ಇನ್ನೊಂದು:
ಅದೇ ನನ್ನ ಅನ್ನ.
ನಾಲಿಗೆಗೆ ಮಾತ್ರ ಮೊದಲ ತುತ್ತಿಗೇ ತಿಳಿಯುತ್ತದೆ.

ಶನಿವಾರ ಇಳಿಜಾರಿನ ಹಳೇ ಆಟಗಳ ಅಂಗಡಿ.
ಗಲ್ಲೆಯಲ್ಲಿ ಐಲ್ಸಾ. ಒಂದು ಕಾಲಕ್ಕೆ
ಗಡಿಯಾರದ ಕಾರ್ಖಾನೆಯಲ್ಲಿ ಪುಟ್ಟ ಕಂಪ್ಯೂಟರುಗಳಿಗೆ
ಬೆಸುಗೆ ಹಾಕಿದ ಬೆರಳು, ಈಗ ಡಬ್ಬಿಗಳ ದೂಳು ಒರೆಸುತ್ತದೆ.
ಹೇಳಿದೆ: ಮುಂದಿನ ಶತಮಾನದ ಊರು,
ನೆನಪನ್ನು ಬಾಡಿಗೆಗೆ ತಂದ ಪತ್ತೇದಾರ,
ತಿಂಗಳ ಕೊನೆಗೆ ವಾಪಸು ಕೊಡಲೇಬೇಕು,
ಅಷ್ಟರೊಳಗೆ ಕೊಂದವರು ಯಾರೆಂದು ತಿಳಿಯಬೇಕು.
ಅದರಂಥದ್ದು ಬೇಕು.

"ಇದರಲ್ಲಿ ಮಳೆ ಇದೆ," ಒಂದು ಇಟ್ಟಳು.
"ಇದರಲ್ಲಿ ನೀಲಿ ದೀಪ, ಹಾರುವ ಕಾರು, ಸುಳ್ಳು ಹೇಳುವ ಹೆಂಗಸು.
ಇದರಲ್ಲಿ ಕೊಲೆಗಾರ ನೀನೇ. ಅಯ್ಯೋ, ಹೇಳಿಬಿಟ್ಟೆ.
ಅರ್ಧ ಬೆಲೆಗೆ ತಗೋ."

ಅಲ್ಲ, ಅಂದೆ.
"ಮತ್ತೆ ಯಾವುದರಲ್ಲಿ ಅದರಂಥದ್ದು?"

ಅಲ್ಲಿ ಅರವತ್ತೊಂದು ಮಹಡಿಯ ಲಿಫ್ಟೊಂದಿತ್ತು.
ಹಾರಿಸಿ ಮುಂದೆ ಹೋಗಲು ಗುಂಡಿ ಇರಲಿಲ್ಲ.
ನಡೆಸುವ ಮುದುಕ ಪ್ರತಿ ಸಲವೂ
ತಂಗಿಯ ವಿಷಯ ಅರ್ಧ ಹೇಳುವಷ್ಟರಲ್ಲಿ ಬಾಗಿಲು ತೆರೆಯುತ್ತಿತ್ತು.
ಅವಳಿಗೆ ಕಿತ್ತಳೆ ಸಿಪ್ಪೆ ಇಷ್ಟವಂತೆ. ಅವಳು ಈಜುತ್ತಿದ್ದಳಂತೆ.
ನಾನು ಬೇಕೆಂದೇ ಮೇಲೆ ಕೆಳಗೆ ಓಡಾಡಿದೆ.
ಕೊನೆಗೆ ಆಟ ನನ್ನ ಕೈಗೊಂದು ಬೆರಳು ಕೊಟ್ಟಿತು: ತೋರಿಸು.
ಕುಂಬಳಕಾಯಿ ಕಳ್ಳ ಎಂದಾಗ
ಹೆಗಲು ಮುಟ್ಟಿಕೊಂಡವನು ಅವನೊಬ್ಬನೇ.
ತೋರಿಸಿದೆ.
ಆಟ ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ.
ಲಿಫ್ಟಿಗೆ ಹೊಸ ಹುಡುಗ ಬಂದ.
ಹೆಸರುಗಳು ಏರಿದವು.

ಗದಗಿನಲ್ಲಿ ಚಿಗವ್ವ ಒಗಟು ಹಾಕುತ್ತಿದ್ದಳು, ಕರೆಂಟು ಹೋದಾಗ.
"ಏರತೈತಿ, ಇಳೀತೈತಿ, ಊರು ಬಿಟ್ಟು ಹೋಗಂಗಿಲ್ಲ."
ಬಿಡಿಸಲಾಗದವರು ಒಂದು ಊರು ಕೊಡಬೇಕು, ನಮ್ಮನೆಯ ಕಾನೂನು.
ಒಂದೇ ಬೇಸಿಗೆಯಲ್ಲಿ ನಾನು ರೋಣ ಸೋತೆ, ನರಗುಂದ ಸೋತೆ,
ಹಟಕ್ಕೆ ಬಿದ್ದು ಇಡೀ ಹುಬ್ಬಳ್ಳಿ, ಸ್ಟೇಷನ್ ಸಮೇತ.
ಊರು ಇಸಗೊಂಡವಳು ಉತ್ತರ ಹೇಳಲೇಬೇಕು:
"ಬಾವಿ ಹಗ್ಗ, ಖೋಡಿ!"
ಅವಳ ನಗೆ ಕತ್ತಲಲ್ಲಿ, ಎಣ್ಣೆ ಇಲ್ಲದ ಗಾಲಿಯಂತೆ.

ಈಗಲೂ ಕೊಡುತ್ತೇನೆ. ತಗೋ ಡಂಡೀ,
ಎರಡೂ ಸೇತುವೆ, ಟೇ ನದಿ, ಗುಡ್ಡ,
ನಾನು ಮಾಡಿದ ಹಲ್ಲುಗಳಿರುವ ಎಲ್ಲ ಬಾಯಿ.
ಹೇಳು, ಅವನು ಮಾಡಿದ್ದನೇ?

ಇಸಗೊಳ್ಳಲು ಆ ಕಡೆ ಯಾರೂ ಇಲ್ಲ.

ಇಷ್ಟನ್ನೂ ಐಲ್ಸಾಗೆ ಹೇಳಲಿಲ್ಲ.
ಲಿಫ್ಟು ಎಂದಷ್ಟೇ ಅಂದಿರಬೇಕು.
ಅವಳು ಬಗ್ಗಿ, ಕೆಳಗಿನ ಗೂಡಿನಿಂದ
ಮೂಲೆ ಒಡೆದ ಡಬ್ಬಿಯೊಂದನ್ನು ಎಳೆದಳು.
"ಇದರಲ್ಲಿ ಪತ್ತೇದಾರ ಇಲ್ಲ. ಕೊಲೆಯೂ ಇಲ್ಲ.
ಹೋಟೆಲಿನ ಲಿಫ್ಟು ನಡೆಸಬೇಕು, ಅಷ್ಟೇ.
ಯಾರೂ ಕೊಳ್ಳುವುದಿಲ್ಲ."

ಎರಡು ಪೌಂಡು.
ಚಿಲ್ಲರೆ ಎಣಿಸುವಾಗ ನನ್ನ ಬೆರಳನ್ನು
ಯಾರ ಕಡೆಗೂ ನೀಟದಂತೆ ಮಡಚಿಕೊಂಡಿದ್ದೆ.